ಆಫ್‌ರೋಡ್ ಚಾಲನೆಯ ಆಸಕ್ತರು ಎಲ್ಲಿ ನೆಲೆಸಬೇಕು? ಕರ್ನಾಟಕದ ಕೆಲವು ಊರುಗಳ ಹೋಲಿಕೆ

ಫೋರ್‌ವ್ಹೀಲ್ ಡ್ರೈವ್, ಎಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಜೀಪು ಕೊಂಡು, ಡಾಂಬರಿಲ್ಲದ ಮಣ್ಣು ಕಲ್ಲಿನ ನೆಲದಲ್ಲಿ ಓಡಿಸುವ (ಆಫ್‌ರೋಡ್) ಹವ್ಯಾಸ ಹಿಡಿದವರಲ್ಲಿ ಹಲವರು ಒಂದೆರಡು ವರ್ಷ ಕಳೆದ ಮೇಲೆ ಊರನ್ನೇ ಬದಲಾಯಿಸಿದರೆ ಹೇಗೆ ಎಂದು ಆಲೋಚಿಸುತ್ತಾರೆ. ಮನೆಯಿಂದಲೇ ಕೆಲಸ ಮಾಡುವವರಿಗೆ, ವರ್ಗಾವಣೆಯಲ್ಲಿ ಊರು ಕೇಳಿ ಪಡೆಯಬಲ್ಲವರಿಗೆ, ನಿವೃತ್ತಿಯ ಹೊಸ್ತಿಲಲ್ಲಿರುವವರಿಗೆ ಈ ಆಯ್ಕೆ ನಿಜವಾಗಿಯೂ ಕೈಯಲ್ಲಿರುತ್ತದೆ. ಆಗ ಅವರು ಮೊದಲು ನೋಡುವುದು ಭೂಪಟವನ್ನು. ಪಶ್ಚಿಮ ಘಟ್ಟಕ್ಕೆ ಹತ್ತಿರವಾದಷ್ಟೂ ಜೀಪು ಓಡಿಸಲು ಜಾಗ ಹೆಚ್ಚು ಸಿಗುತ್ತದೆ ಎಂಬ ಭಾವನೆಯಿಂದ ಮಡಿಕೇರಿ, ಚಿಕ್ಕಮಗಳೂರುಗಳ ಕಡೆ ಬೆರಳಿಡುತ್ತಾರೆ. ಲೆಕ್ಕ ತಪ್ಪುವುದು ಅಲ್ಲಿಯೇ. ಘಟ್ಟದ ಸಾಲಿನಲ್ಲಿ ಹಸಿರಾಗಿ ಕಾಣುವ ನೆಲದಲ್ಲಿ ದೊಡ್ಡ ಪಾಲು ಮೀಸಲು ಅರಣ್ಯ, ವನ್ಯಜೀವಿಧಾಮ ಅಥವಾ ರಾಷ್ಟ್ರೀಯ ಉದ್ಯಾನ. ಅದು ಎಷ್ಟೇ ಹತ್ತಿರವಿದ್ದರೂ ನಿಮ್ಮ ಚಕ್ರಕ್ಕೆ ಸಿಗುವ ನೆಲವಲ್ಲ. ಆದ್ದರಿಂದ ಊರನ್ನು ಅಳೆಯಬೇಕಾದದ್ದು ಬೆಟ್ಟದ ದೂರದಿಂದಲ್ಲ, ಅನುಮತಿಯಿರುವ ಮಣ್ಣಿನ ದೂರದಿಂದ ಎಂಬುದು ನನ್ನ ಖಚಿತ ಅಭಿಪ್ರಾಯ. ಸಿಕ್ಕಿಬಿದ್ದರೆ ಎಳೆಯಲು ಜೊತೆಗೆ ಬರುವ ಎರಡನೆಯ ಜೀಪು ಮತ್ತು ಸಂಜೆ ಏಳರ ಮೇಲೂ ಬಾಗಿಲು ತೆರೆಯುವ ಮೆಕ್ಯಾನಿಕ್ ಅದರ ನಂತರ ಬರುತ್ತವೆ.

ಅನುಮತಿಯ ಮಾತನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ವನ್ಯಜೀವಿಧಾಮದೊಳಗಿನ ಪ್ರವೇಶವನ್ನು ನಿರ್ಬಂಧಿಸುತ್ತದೆ. ಅದೇ ಕಾಯ್ದೆಯಡಿ ಅಪರಾಧಕ್ಕೆ ಬಳಕೆಯಾದ ವಾಹನವನ್ನು ಜಪ್ತಿ ಮಾಡುವ ಅಧಿಕಾರವೂ ಅಧಿಕಾರಿಗಳಿಗೆ ಇದೆ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುತ್ತದೆ. ಇವೆರಡನ್ನೂ ಬಿಟ್ಟು ಉಳಿಯುವುದು ಖಾಸಗಿ ತೋಟ, ಹೊಲ, ಗೋಮಾಳ, ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ ಮತ್ತು ಹಳ್ಳಿಯಿಂದ ಹಳ್ಳಿಗೆ ಸಾಗುವ ಕಚ್ಚಾ ರಸ್ತೆ. ಗೋಮಾಳವೂ ಕೆರೆಯೂ ಸಾರ್ವಜನಿಕ ಆಸ್ತಿ ಎಂದ ಮಾತ್ರಕ್ಕೆ ಅಲ್ಲಿ ಜೀಪು ಹಾಯಿಸಬಹುದು ಎಂದು ಅರ್ಥವಲ್ಲ. ದನ ಮೇಯುವ ಹುಲ್ಲನ್ನೂ ಕೆರೆಯ ಹೂಳನ್ನೂ ನಂಬಿದ ಜನ ಅಲ್ಲಿದ್ದಾರೆ, ಅವರನ್ನು ಕೇಳದೆ ಇಳಿಯುವುದು ಸರಿಯಲ್ಲ. ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಬೇರೆಬೇರೆಯಾಗಿ ಗುರುತಿಸಿರುತ್ತಾರೆ. ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತಿರುವ ಜಾಗದ ಸರ್ವೆ ನಂಬರ್ ಸಿಗುತ್ತದೆ. ಯಾವ ಊರಿಗೆ ಹೋಗಬೇಕೆಂದು ತೀರ್ಮಾನಿಸುವ ಮೊದಲು ಆ ಊರಿನ ಸುತ್ತಣ ಮೂವತ್ತು ಕಿಲೋಮೀಟರಿನ ಗ್ರಾಮ ನಕಾಶೆಗಳನ್ನು ಒಂದು ಸಂಜೆ ಕುಳಿತು ನೋಡಿದರೆ, ಪ್ರವಾಸದ ಚಿತ್ರಗಳು ಹೇಳದ ಬಹಳಷ್ಟು ವಿಷಯ ತಿಳಿಯುತ್ತದೆ.

ಬೆಂಗಳೂರು

ಕೆಲಸದ ಕಾರಣದಿಂದ ಬೆಂಗಳೂರನ್ನು ಬಿಡಲಾಗದವರೇ ಹೆಚ್ಚು. ಅವರು ಬೇಸರಪಡಬೇಕಾದ ಅಗತ್ಯವಿಲ್ಲ. ಬಿಡಿಭಾಗಗಳ ವಿಷಯದಲ್ಲಿ ರಾಜ್ಯದ ಬೇರಾವ ಊರೂ ಇದಕ್ಕೆ ಸಮನಲ್ಲ. ಜೆ.ಸಿ. ರಸ್ತೆಯಲ್ಲಿ ಹೊಸದು, ಶಿವಾಜಿನಗರದ ಗುಜರಿಯಲ್ಲಿ ಹಳೆಯದು ಎಂಬಂತೆ, ಮಾರುತಿ ಜಿಪ್ಸಿಯಂಥ ತಯಾರಿಕೆ ನಿಂತ ವಾಹನಕ್ಕೂ ಹುಡುಕಿದರೆ ಸಾಮಾನು ದೊರೆಯುತ್ತದೆ. ವಿಂಚ್ (ಸಿಕ್ಕಿಬಿದ್ದ ವಾಹನವನ್ನು ಎಳೆಯುವ ರಾಟೆ), ಸ್ನಾರ್ಕೆಲ್ (ಎಂಜಿನ್ನಿಗೆ ಮೇಲಿನಿಂದ ಗಾಳಿ ಕೊಡುವ ಕೊಳವೆ), ಡಿಫರೆನ್ಷಿಯಲ್ ಲಾಕ್ (ಎಡಬಲದ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಸಾಧನ) ಕೂರಿಸಬಲ್ಲ ಗ್ಯಾರೇಜುಗಳೂ ಇಲ್ಲಿವೆ. ಜೊತೆಗಾರರಿಗೆ ಬರವಿಲ್ಲ, ಭಾನುವಾರ ಬೆಳಿಗ್ಗೆ ಐದಕ್ಕೆ ಹೊರಡೋಣವೆಂದರೆ ನಾಲ್ಕಾರು ಜೀಪು ಸೇರುವುದು ಕಷ್ಟವಲ್ಲ.

ನೆಲದ ಸ್ವಭಾವವನ್ನು ನೋಡಿದರೆ ಇದು ಕಲ್ಲಿನ ಸೀಮೆ. ರಾಮನಗರ, ಮಾಗಡಿ, ಕನಕಪುರ, ಕೋಲಾರ, ಚಿಕ್ಕಬಳ್ಳಾಪುರದ ಕಡೆಗಳಲ್ಲಿ ಗ್ರಾನೈಟ್ ಬಂಡೆ, ಅದರ ಮೇಲೆ ತೆಳುವಾದ ಕೆಂಪು ಮಣ್ಣು. ಕಲ್ಲಿನ ಮೇಲೆ ನಿಧಾನವಾಗಿ ಏರುವುದನ್ನು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ; ಮಳೆ ನಿಂತ ಮರುದಿನವೇ ನೆಲ ಗಟ್ಟಿಯಾಗುವುದರಿಂದ ವರ್ಷದ ಹೆಚ್ಚಿನ ತಿಂಗಳು ಓಡಿಸಬಹುದು. ಆದರೆ ಈ ಬೆಟ್ಟಗಳಲ್ಲಿ ಸಾವನದುರ್ಗವೂ ಸೇರಿದಂತೆ ಹಲವು ಅರಣ್ಯ ಇಲಾಖೆಗೆ ಸೇರಿವೆ, ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಕನಕಪುರದ ಕಡೆಗೆ ಉದ್ದಕ್ಕೆ ಚಾಚಿದೆ, ಖಾಸಗಿ ಜಮೀನುಗಳು ಒಂದೊಂದಾಗಿ ಬಡಾವಣೆಗಳಾಗುತ್ತಿವೆ. ಕೈಬಿಟ್ಟ ಕಲ್ಲು ಕ್ವಾರಿಗಳಿಗೆ ಕೆಲವರು ಹೋಗುತ್ತಾರೆ. ಅಲ್ಲಿ ನಿಂತ ನೀರಿನ ಆಳ ಮೇಲಿನಿಂದ ತಿಳಿಯುವುದಿಲ್ಲ, ಅಂಚಿನ ಕಲ್ಲು ಸಿಡಿಮದ್ದಿನಿಂದ ಬಿರುಕುಬಿಟ್ಟಿರುತ್ತದೆ. ಹೋಗಬೇಡಿ ಎಂದೇ ನನ್ನ ಸಲಹೆ.

ಬೆಂಗಳೂರಿನ ನಿಜವಾದ ತೊಂದರೆ ಮಣ್ಣಿನದಲ್ಲ, ಮನೆಯದು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಬಾಗಿಲಲ್ಲಿ ತೂಗಿಬಿಟ್ಟ ಕಬ್ಬಿಣದ ಪಟ್ಟಿ ಸಾಮಾನ್ಯವಾಗಿ ಏಳು ಅಡಿಯ ಆಸುಪಾಸಿನಲ್ಲಿರುತ್ತದೆ. ಮಹೀಂದ್ರಾ ಥಾರ್ ಅದರಡಿ ಸಲೀಸಾಗಿ ಹೋಗುತ್ತದೆ. ಫೋರ್ಸ್ ಗೂರ್ಖಾ ಎರಡು ಮೀಟರಿಗಿಂತ ಎತ್ತರವಿರುವುದರಿಂದ ಮೇಲೊಂದು ಕ್ಯಾರಿಯರ್ ಕೂರಿಸಿದರೆ ಒಳಗೆ ಹೋಗುವುದೇ ಇಲ್ಲ. ಮನೆ ನೋಡಲು ಹೋದಾಗ ಅಳತೆ ಟೇಪು ಜೊತೆಗಿರಲಿ. ಕೆಸರಾಗಿ ಬಂದ ವಾಹನವನ್ನು ತೊಳೆಯುವ ಪ್ರಶ್ನೆಯೂ ಚಿಕ್ಕದಲ್ಲ: 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಇನ್ನು ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಟೈರು ಹಾಕಿದ ಜೀಪನ್ನು ದಿನವೂ ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ಓಡಿಸುವುದೆಂದರೆ ಟೈರಿಗೂ ಕ್ಲಚ್ಚಿಗೂ ಕಾಲಿಗೂ ಶಿಕ್ಷೆ. ಬೆಂಗಳೂರಿನಲ್ಲಿ ಇರುವವರು ರಸ್ತೆಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಟೈರಿನಲ್ಲಿಯೇ ತೃಪ್ತರಾಗುವುದು ಲೇಸು.

ಮೈಸೂರು

ಸಂಸಾರವಂದಿಗರಿಗೆ ಮೈಸೂರು ಸಹಜವಾಗಿ ಹಿಡಿಸುತ್ತದೆ: ಶಾಲೆ, ಆಸ್ಪತ್ರೆ, ಅಂಗಳವಿರುವ ಮನೆ, ಇಪ್ಪತ್ತು ನಿಮಿಷದಲ್ಲಿ ಊರ ಹೊರಗೆ ತಲುಪುವ ಸೌಕರ್ಯ. ಲಲಿತಮಹಲ್ ಅರಮನೆಯ ಬಳಿಯ ಹೆಲಿಪ್ಯಾಡ್ ಮೈದಾನದಲ್ಲಿ ಮಣ್ಣಿನ ಓಟದ ಸ್ಪರ್ಧೆಗಳು ನಡೆದಿವೆ, ಆದ್ದರಿಂದ ವಾಹನ ಕ್ರೀಡೆಯ ಬಗ್ಗೆ ತಿಳಿದ ಜನ ಇಲ್ಲಿದ್ದಾರೆ. ಆದರೆ ಇದು ಭೂಪಟ ಕಣ್ಕಟ್ಟು ಮಾಡುವ ಊರು. ನೈರುತ್ಯಕ್ಕೆ ನಾಗರಹೊಳೆ, ದಕ್ಷಿಣಕ್ಕೆ ಬಂಡೀಪುರ, ಎರಡೂ ಹುಲಿ ಸಂರಕ್ಷಿತ ಪ್ರದೇಶಗಳು. ಬಂಡೀಪುರದ ಮೂಲಕ ಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರವನ್ನೇ 2009ರಿಂದ ನಿಷೇಧಿಸಿರುವಾಗ, ಅದರ ಅಂಚಿನಲ್ಲಿ ಜೀಪಿನ ಸಾಹಸಕ್ಕೆ ಜಾಗವಿದೆ ಎಂದು ಯಾರೂ ಎಣಿಸಬಾರದು. ಹೀಗಾಗಿ ಮೈಸೂರಿನವರು ಓಡಿಸುವುದು ಒಂದೋ ಪಾಂಡವಪುರ, ಮೇಲುಕೋಟೆ, ನಾಗಮಂಗಲದ ಕಲ್ಲುಗುಡ್ಡಗಳ ಕಚ್ಚಾ ದಾರಿಗಳಲ್ಲಿ, ಅಥವಾ ಹುಣಸೂರು ದಾಟಿ ಕೊಡಗಿನ ತೋಟಗಳಲ್ಲಿ. ಮಡಿಕೇರಿ ಇಲ್ಲಿಂದ ಸುಮಾರು 120 ಕಿ.ಮೀ. ದೂರ, ಶನಿವಾರ ಹೋಗಿ ಭಾನುವಾರ ಮರಳುವವರಿಗೆ ಇದು ಹಿತವಾದ ದೂರವೇ ಹೌದು, ವಾರದ ನಡುವಿನ ಸಂಜೆಗೆ ಒದಗುವುದಿಲ್ಲ.

ಹಾಸನ, ಚಿಕ್ಕಮಗಳೂರು, ಮಡಿಕೇರಿ

ಈ ಮೂರನ್ನು ಒಟ್ಟಿಗೇ ನೋಡಬೇಕು, ಏಕೆಂದರೆ ಮೂರರ ಆಫ್‌ರೋಡಿಂಗ್ ನಿಂತಿರುವುದು ಕಾಫಿ ತೋಟಗಳ ಮೇಲೆ. ತೋಟದ ರಸ್ತೆ ಎಂದರೆ ಕಡಿದಾದ ಏರು, ತಿರುವಿನಲ್ಲೇ ಇರುವ ಹಳ್ಳ, ನೆರಳಿನಲ್ಲಿ ಒಣಗದ ಜೇಡಿ, ಉರುಳಿಬಿದ್ದ ಸಿಲ್ವರ್ ಓಕ್. ಇಲ್ಲಿ ಜೀಪು ಹವ್ಯಾಸಕ್ಕಿಂತ ಮೊದಲು ಕೆಲಸದ ವಾಹನವಾಗಿ ಬಂದದ್ದು. ಗೊಬ್ಬರದ ಮೂಟೆ, ಕೂಲಿಯಾಳುಗಳು, ಕಾಫಿ ಚೀಲ, ಆಸ್ಪತ್ರೆಗೆ ಹೋಗಬೇಕಾದ ಬಸುರಿ ಎಲ್ಲರನ್ನೂ ಹೊತ್ತು ಬಂದದ್ದು. ಅದಕ್ಕೇ ಇಲ್ಲಿನ ಹಳೆಯ ಚಾಲಕರ ಕೈಚಳಕ ನೋಡುವಂಥದ್ದು. ಮಡಿಕೇರಿ ಬಳಿಯ ಬೆಟ್ಟವಾದ ಮಂಡಲಪಟ್ಟಿಗೆ ಪ್ರವಾಸಿಗರನ್ನು ಒಯ್ಯುವ ಜೀಪಿನ ಚಾಲಕ ಏರಿನ ಬುಡದಲ್ಲೇ ಹೆಚ್ಚು ಬಲ, ಕಡಿಮೆ ವೇಗ ಕೊಡುವ ಲೋ ಗೇರಿಗೆ ಹಾಕಿ, ಕ್ಲಚ್ಚಿನಿಂದ ಕಾಲು ತೆಗೆದು, ಆಕ್ಸಿಲರೇಟರನ್ನು ಮೇಲೆ ಮುಟ್ಟುವವರೆಗೆ ಒಂದೇ ಮಟ್ಟದಲ್ಲಿ ಹಿಡಿದಿರುವುದನ್ನು ಪಕ್ಕದಲ್ಲಿ ಕುಳಿತು ಗಮನಿಸಿದರೆ, ತರಬೇತಿ ಶಿಬಿರದ ಒಂದು ದಿನದ ಪಾಠ ಅಲ್ಲಿಯೇ ಸಿಕ್ಕಿಬಿಡುತ್ತದೆ.

ತೋಟದ ನೆಲ ಖಾಸಗಿ. ಆದುದರಿಂದ ಒಬ್ಬ ತೋಟದ ಮಾಲೀಕರ ಒಪ್ಪಿಗೆಯಿದ್ದರೆ ಸಾಕು, ಕಾನೂನಿನ ತೊಡಕಿಲ್ಲ. ಆದರೆ ಆ ಒಪ್ಪಿಗೆಗೆ ಋತುಮಾನವಿದೆ ಎಂಬುದನ್ನು ಹೊರಗಿನಿಂದ ಬಂದವರು ಅರಿಯಬೇಕು. ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರಿನಿಂದ, ರೊಬಸ್ಟಾ ಜನವರಿಯಿಂದ. ಆಗ ದಾರಿಯ ತುಂಬ ಕೆಲಸದವರು, ಕಣದಲ್ಲಿ ಹರಡಿದ ಹಣ್ಣು. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ, ನೀರು ಹಾಯಿಸುವ ಗಡಿಬಿಡಿ. ಮಳೆಗಾಲದಲ್ಲಿ ನಿಮಗೆ ಬೇಕಾದ ಕೆಸರೇನೋ ಸಿಗುತ್ತದೆ, ಆದರೆ ನಾಲ್ಕು ಜೀಪು ಒಂದೇ ಏರಿನಲ್ಲಿ ಚಕ್ರ ತಿರುಗಿಸಿ ಹೋದ ಮೇಲೆ ಉಳಿಯುವ ಜಾಡನ್ನು ಮರುವಾರ ಹೋಗಿ ನೋಡಿ: ಅಂಗೈ ಆಳವಿದ್ದ ಗೆರೆ ಮೊಣಕಾಲಾಳದ ಕಾಲುವೆಯಾಗಿರುತ್ತದೆ, ಅದರಲ್ಲಿ ಹರಿದ ನೀರು ಗಿಡದ ಬೇರಿನ ಮೇಲ್ಮಣ್ಣನ್ನು ಹಳ್ಳಕ್ಕೆ ಕೊಂಡೊಯ್ದಿರುತ್ತದೆ. ಆ ದಾರಿಯನ್ನು ಜಲ್ಲಿ ಹಾಕಿ ಸರಿಪಡಿಸುವ ಖರ್ಚು ಮಾಲೀಕರದು. ಪಾಳುಬಿಟ್ಟ ಗದ್ದೆ ಅಥವಾ ಗಿಡ ಕಿತ್ತು ಮರುನಾಟಿಗೆ ಕಾಯುತ್ತಿರುವ ಭಾಗವನ್ನು ಕೇಳಿ ಪಡೆದು, ದಿನದ ಕೊನೆಗೆ ಗುದ್ದಲಿ ಹಿಡಿದು ಜಾಡು ಮುಚ್ಚಿ ಬಂದವರಿಗೆ ಮುಂದಿನ ವರ್ಷವೂ ಗೇಟು ತೆರೆಯುತ್ತದೆ. ಊರಿನಲ್ಲಿಯೇ ನೆಲೆಸುವುದರ ದೊಡ್ಡ ಲಾಭವೆಂದರೆ ಈ ನಂಬಿಕೆಯನ್ನು ಬೆಳೆಸಿಕೊಳ್ಳಲು ಸಿಗುವ ಕಾಲಾವಕಾಶ. ವಾರಾಂತ್ಯಕ್ಕೆ ಬಂದು ಹೋಗುವವರಿಗೆ ಅದು ಸಿಗದು.

ಚಿಕ್ಕಮಗಳೂರಿಗೆ ಹೆಸರು ಹೆಚ್ಚು. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಇಲ್ಲಿನ ತೋಟದ ದಾರಿಗಳಲ್ಲಿ ನಡೆದಿದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಊರಿನಿಂದ ಕಾಣುವಷ್ಟು ಹತ್ತಿರ. ಆದರೆ ಗಿರಿಶ್ರೇಣಿಯಲ್ಲಿ ವಾರಾಂತ್ಯದ ವಾಹನ ದಟ್ಟಣೆ ಮಿತಿಮೀರಿ, ಜಿಲ್ಲಾಡಳಿತ ಮುಂಗಡ ನೋಂದಣಿಯಂಥ ನಿಯಂತ್ರಣಗಳನ್ನು ತರಬೇಕಾಗಿ ಬಂತು. ಬೆಟ್ಟದ ಮೇಲಿನ ಶೋಲಾ ಕಾಡಿಗೆ ಹೊಂದಿಕೊಂಡ ಹುಲ್ಲುಗಾವಲಿನ ಮೇಲೆ ಜೀಪು ಹತ್ತಿಸಿ ಚಿತ್ರ ತೆಗೆದವರಿಂದ ಎಲ್ಲ ಜೀಪಿನವರ ಮೇಲೂ ಸ್ಥಳೀಯರಿಗೆ ಸಿಟ್ಟಿದೆ, ಆ ಸಿಟ್ಟು ನ್ಯಾಯವಾದದ್ದು. ಇಲ್ಲಿ ನೆಲೆಸುವುದಾದರೆ ಗಿರಿಯ ಕಡೆ ಮುಖಮಾಡದೆ ಮೂಡಿಗೆರೆ, ಆಲ್ದೂರು, ಕೊಪ್ಪದ ತೋಟಗಳ ಕಡೆಗೆ ಪರಿಚಯ ಬೆಳೆಸುವುದು ಮೇಲು.

ಮಡಿಕೇರಿಯಲ್ಲಿ ಜೀಪಿನ ಸಂಸ್ಕೃತಿ ಮೂರೂ ಊರುಗಳಲ್ಲಿ ಅತ್ಯಂತ ಗಾಢವಾದದ್ದು. ಅಣ್ಣನಿಂದ ತಮ್ಮನಿಗೆ, ಅಪ್ಪನಿಂದ ಮಗನಿಗೆ ಬಂದ ಹಳೆಯ ಮಹೀಂದ್ರಾ ಜೀಪುಗಳು ಇನ್ನೂ ದುಡಿಯುತ್ತಿವೆ. ಆದರೂ ವರ್ಷಪೂರ್ತಿ ವಾಸಕ್ಕೆ ಇದನ್ನು ಮೊದಲ ಆಯ್ಕೆಯಾಗಿ ನಾನು ಹೇಳಲಾರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆಗಳಲ್ಲಿ ಗುಡ್ಡ ಕುಸಿದು ಜೀವಹಾನಿಯಾದದ್ದನ್ನು ಕೊಡಗಿನವರು ಮರೆತಿಲ್ಲ. ಇಳಿಜಾರಿನ ಮಣ್ಣು ನೀರು ಕುಡಿದು ಸಡಿಲವಾದ ತಿಂಗಳುಗಳಲ್ಲಿ ಜೀಪು ಮನೆಯಲ್ಲೇ ಇರಬೇಕು. ಗಂಭೀರ ಗಾಯವಾದರೆ ಮೈಸೂರಿಗೋ ಮಂಗಳೂರಿಗೋ ಒಯ್ಯಬೇಕಾಗುತ್ತದೆ ಎಂಬುದನ್ನೂ ಉರುಳುವ ಸಾಧ್ಯತೆಯಿರುವ ಕ್ರೀಡೆಗೆ ಇಳಿದವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಉಳಿದದ್ದು ಹಾಸನ, ಮತ್ತು ನನ್ನ ಮತ ಹಾಸನಕ್ಕೇ. ನೋಡಲು ಸಾಧಾರಣ ಬಯಲು ಸೀಮೆಯ ಊರು. ಪ್ರವಾಸಿಗರು ಬೇಲೂರಿಗೆ ಹೋಗುವ ದಾರಿಯಲ್ಲಿ ಊಟಕ್ಕೆ ನಿಲ್ಲಿಸುವ ಜಾಗ. ಆದರೆ ಪಶ್ಚಿಮಕ್ಕೆ ನಲವತ್ತು ಕಿಲೋಮೀಟರಿನಲ್ಲಿ ಸಕಲೇಶಪುರ, ಸುಮಾರು ಅರವತ್ತರಲ್ಲಿ ಚಿಕ್ಕಮಗಳೂರು, ದಕ್ಷಿಣಕ್ಕೆ ಅರಕಲಗೂಡು ದಾಟಿದರೆ ಕೊಡಗಿನ ಅಂಚು, ಈಶಾನ್ಯಕ್ಕೆ ಅರಸೀಕೆರೆಯ ಒಣ ಕಲ್ಲುಗುಡ್ಡ. ಮಲೆನಾಡಿನಲ್ಲಿ ಮಳೆ ಜಡಿಯುವಾಗ ಅರಸೀಕೆರೆಯ ಕಡೆ ನೆಲ ಗಟ್ಟಿಯಾಗಿರುತ್ತದೆ. ಬೇಸಿಗೆಯಲ್ಲಿ ಅಲ್ಲಿ ಧೂಳೆದ್ದರೆ ಸಕಲೇಶಪುರದ ನೆರಳಿನ ದಾರಿಗಳು ತಂಪಾಗಿರುತ್ತವೆ. ಒಂದೇ ಮನೆಯಿಂದ ಎರಡು ಬಗೆಯ ನೆಲ ಸಿಗುವ ಊರು ರಾಜ್ಯದಲ್ಲಿ ಹೆಚ್ಚಿಲ್ಲ. ಬೆಂಗಳೂರಿಗೆ ನಾಲ್ಕು ಪಥದ ಹೆದ್ದಾರಿಯಲ್ಲಿ ಸುಮಾರು 185 ಕಿ.ಮೀ.; ಬೇಕಾದ ಬಿಡಿಭಾಗ ರಾತ್ರಿ ಬಸ್ಸಿಗೆ ಹಾಕಿಸಿದರೆ ಬೆಳಿಗ್ಗೆ ಕೈಸೇರುತ್ತದೆ. ಟ್ರ್ಯಾಕ್ಟರ್ ಮತ್ತು ಆಲೂಗಡ್ಡೆ ಲಾರಿಗಳನ್ನು ನಂಬಿದ ಪ್ರದೇಶವಾದ್ದರಿಂದ ಲೇತ್, ವೆಲ್ಡಿಂಗ್, ಲೀಫ್ ಸ್ಪ್ರಿಂಗ್ ಕೆಲಸದವರು ಹೇರಳ. ಮುಂದಿನ ಚಕ್ರಗಳನ್ನು ತಿರುಗಿಸುವ ಟೈ ರಾಡ್ ಬಾಗಿದಾಗ ಅದನ್ನು ಬಿಚ್ಚಿ ಕೈಗೆ ಕೊಟ್ಟರೆ, ಹೊಸದು ತರಿಸಬೇಕೇ ಇದನ್ನೇ ನೇರ ಮಾಡಬಹುದೇ ಎಂದು ಬೆಳಕಿಗೆ ಹಿಡಿದು ನೋಡಿ ಹೇಳುವ ಮೇಸ್ತ್ರಿಗಳು ಅವರು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಕಾಡಾನೆಗಳ ಸಂಚಾರ ಹೆಚ್ಚು. ಅಲ್ಲಿ ಬೆಳಕು ಹರಿಯುವ ಮೊದಲು ಮತ್ತು ಸಂಜೆ ಕತ್ತಲಾದ ಮೇಲೆ ತೋಟದ ದಾರಿ ಹಿಡಿಯಬಾರದು. ಆನೆ ಇರುವ ಸುದ್ದಿಯನ್ನು ತೋಟದ ರೈಟರ್ (ಕೆಲಸದ ಲೆಕ್ಕ ನೋಡುವವರು) ಬಳಿ ಕೇಳಿಯೇ ಒಳಗೆ ಹೋಗಬೇಕು.

ಮಂಗಳೂರು ಮತ್ತು ಶಿವಮೊಗ್ಗ

ಮಂಗಳೂರನ್ನು ಈ ಹವ್ಯಾಸಕ್ಕಾಗಿಯೇ ಆರಿಸಿಕೊಳ್ಳುವುದು ಬೇಡ. ಕಡಲತೀರದ ಮರಳು ಕೈಬೀಸಿ ಕರೆಯುತ್ತದೆ, ಆದರೆ ಬೀಚಿನಲ್ಲಿ ಜೀಪು ಓಡಿಸುವುದು ಈಜುವವರಿಗೂ ಮೊಟ್ಟೆಯಿಡಲು ಬರುವ ಕಡಲಾಮೆಗಳಿಗೂ ಅಪಾಯಕಾರಿ, ಪೊಲೀಸ್ ಪ್ರಕರಣಕ್ಕೂ ದಾರಿ. ಮುರಕಲ್ಲಿನ ಗುಡ್ಡಗಳು ಮನೆಗಳಿಂದ ತುಂಬಿಹೋಗಿವೆ. ಉಪ್ಪುಗಾಳಿ ವಾಹನದ ಅಡಿಯ ಚೌಕಟ್ಟಾದ ಛಾಸಿಯನ್ನು ಒಳಗಿಂದೊಳಗೇ ತಿನ್ನುತ್ತದೆ. ಅಲ್ಲಿಯೇ ಇರುವವರು ಪ್ರತಿ ಮಳೆಗಾಲಕ್ಕೆ ಮುಂಚೆ ಅಡಿಭಾಗಕ್ಕೆ ತುಕ್ಕುನಿರೋಧಕ ಲೇಪ ಹೊಡೆಸಿ, ಛಾಸಿಯ ನೀರು ಇಳಿಯುವ ತೂತುಗಳನ್ನು ತಂತಿ ಹಾಕಿ ಬಿಡಿಸಬೇಕು.

ಶಿವಮೊಗ್ಗ ವಾಸಕ್ಕೆ ಸೊಗಸಾದ ಊರು. ಸುತ್ತಲಿನ ಸೊಬಗಿನ ದೊಡ್ಡ ಪಾಲು ಮಾತ್ರ ಅರಣ್ಯ ಇಲಾಖೆಯದು. 1,343 ಮೀಟರ್ ಎತ್ತರದ ಕೊಡಚಾದ್ರಿಯ ಪ್ರಸಿದ್ಧ ಜೀಪಿನ ದಾರಿ ವನ್ಯಜೀವಿಧಾಮದೊಳಗೆ ಹಾದುಹೋಗುತ್ತದೆ, ಅದು ಸ್ಥಳೀಯ ಬಾಡಿಗೆ ಜೀಪಿನವರ ಅನ್ನದ ದಾರಿ. ನಿಮ್ಮ ಜೀಪನ್ನು ಕೆಳಗೆ ನಿಲ್ಲಿಸಿ ಅವರ ಜೀಪಿನಲ್ಲಿಯೇ ಹತ್ತಿರಿ.

ಹುಬ್ಬಳ್ಳಿ–ಧಾರವಾಡ

ದಕ್ಷಿಣದವರು ಈ ಅವಳಿ ನಗರವನ್ನು ಈ ವಿಷಯದಲ್ಲಿ ನೆನೆಯುವುದೇ ಇಲ್ಲ, ಅದು ತಪ್ಪು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಯ ಕಡೆ ಕಣ್ಣು ಹಾಯುವಷ್ಟು ದೂರ ಎರೆಭೂಮಿ. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುವ ಈ ಮಣ್ಣು ಮಳೆ ಬಿದ್ದರೆ ನೀರು ಹೀರಿ ಉಬ್ಬುತ್ತದೆ, ಟೈರಿಗೆ ಅಂಟಿ ನಾಲ್ಕೇ ಸುತ್ತಿನಲ್ಲಿ ಅದರ ಗೀರುಗಳನ್ನೆಲ್ಲ ಮುಚ್ಚಿ ಬೋಳು ಟೈರಿನಂತೆ ಮಾಡುತ್ತದೆ. ಇನ್ನೂ ಮುಂದೆ ಹೋದರೆ ಮಡ್‌ಗಾರ್ಡಿನೊಳಗೆ ಗಾರೆಯಂತೆ ತುಂಬಿ ಚಕ್ರವೇ ತಿರುಗದಂತಾಗುತ್ತದೆ; ಕಬ್ಬಿಣದ ಸಲಾಕೆಯಿಂದ ಕೆತ್ತಿ ತೆಗೆಯದೆ ಬೇರೆ ಉಪಾಯವಿಲ್ಲ. ಮಲೆನಾಡಿನ ಕೆಸರಿನಲ್ಲಿ ಪಳಗಿದವರೂ ಇಲ್ಲಿ ಹೊಸದಾಗಿ ಕಲಿಯಬೇಕು. ಬಿತ್ತನೆಯಾದ ಹೊಲಕ್ಕೆ ಇಳಿಯುವಂತಿಲ್ಲ, ಆದರೆ ಹೊಲಗಳ ನಡುವಿನ ಬಂಡಿದಾರಿಗಳೇ ಮೈಲಿಗಟ್ಟಲೆ ಇವೆ.

ಪಶ್ಚಿಮಕ್ಕೆ ಧಾರವಾಡದಿಂದ ದಾಂಡೇಲಿ ಸುಮಾರು 55 ಕಿ.ಮೀ.; ಅಲ್ಲಿಂದಾಚೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಮತ್ತೆ ಅದೇ ನಿರ್ಬಂಧ. ಕಲಘಟಗಿ, ಹಳಿಯಾಳದ ಕಡೆ ಮಾತ್ರ ಕೆಂಪು ಮಣ್ಣಿನ ಏರಿಳಿತದ ಹಳ್ಳಿದಾರಿಗಳಿವೆ. ಈ ಊರಿನ ವಿಶೇಷ ಅನುಕೂಲವೆಂದರೆ ಗೋವಾ. ಮಲೇಷ್ಯಾದಲ್ಲಿ ಹುಟ್ಟಿದ ಆಫ್‌ರೋಡ್ ಸ್ಪರ್ಧೆಯಾದ ರೇನ್‌ಫಾರೆಸ್ಟ್ ಚಾಲೆಂಜ್‌ನ ಭಾರತದ ಆವೃತ್ತಿ 2014ರಲ್ಲಿ ಗೋವಾದಲ್ಲಿ ಮಳೆಗಾಲದಲ್ಲೇ ಆರಂಭವಾಯಿತು. ಸ್ಪರ್ಧೆಗೆ ಇಳಿಯುವ ಅಥವಾ ನೋಡಿ ಕಲಿಯುವ ಆಸೆಯಿರುವವರಿಗೆ ಅದು ಇಲ್ಲಿಂದ ಅರ್ಧ ದಿನದ ದಾರಿ. ಜೊತೆಗಾರರು ಮಾತ್ರ ಬೆಂಗಳೂರಿನಷ್ಟು ಸುಲಭವಾಗಿ ಸಿಗುವುದಿಲ್ಲ, ಬೆಳಗಾವಿಯವರನ್ನೂ ಸೇರಿಸಿಕೊಳ್ಳಬೇಕಾದೀತು.

ಊರಿಗೆ ತಕ್ಕ ವಾಹನ, ವಾಹನಕ್ಕೆ ತಕ್ಕ ಊರು

ರಾಜ್ಯದೊಳಗೆ ಎಲ್ಲಿದ್ದರೂ ಜೀವಾವಧಿ ತೆರಿಗೆ ಒಂದೇ, ಆದ್ದರಿಂದ ಅದು ಹೋಲಿಕೆಗೆ ಬರುವುದಿಲ್ಲ. ಹಳೆಯ ಡೀಸೆಲ್ ಜೀಪು ಇರುವವರಿಗೆ ಒಂದು ಸಮಾಧಾನ: ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ದೆಹಲಿಯಲ್ಲಿ ಬಂದಂಥ ನಿಷೇಧ ಇಲ್ಲಿಲ್ಲ, ಹದಿನೈದು ವರ್ಷವಾದ ಮೇಲೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಿಕೊಳ್ಳಬಹುದು. ವಾಹನದ ಮಾರ್ಪಾಡನ್ನು ನಿರ್ಬಂಧಿಸುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಎಲ್ಲ ಊರಿಗೂ ಒಂದೇ. ವಿಮೆಯನ್ನು ಮಾತ್ರ ಊರು ನೋಡಿ ಮಾಡಿಸಬೇಕು. ಸಾಮಾನ್ಯ ಖಾಸಗಿ ಕಾರಿನ ಪಾಲಿಸಿ ಸಂಘಟಿತ ಸ್ಪರ್ಧೆಯಲ್ಲಾದ ಹಾನಿಯನ್ನು ಒಪ್ಪುವುದಿಲ್ಲ. ಎಂಜಿನ್ನಿಗೆ ನೀರು ನುಗ್ಗಿ ಆದ ನಷ್ಟಕ್ಕೆ ಪ್ರತ್ಯೇಕ ರಕ್ಷಣೆ ಕೊಳ್ಳಬೇಕು, ಹಾಸನದಿಂದ ಪಶ್ಚಿಮಕ್ಕೆ ಇರುವವರಿಗೆ ಅದು ಅನಿವಾರ್ಯ.

ತೋಟದ ಕಿರಿದಾದ ದಾರಿಗಳಿಗೆ 1,645 ಮಿ.ಮೀ. ಅಗಲದ, ಸುಮಾರು 1,200 ಕೆ.ಜಿ. ತೂಕದ ಮಾರುತಿ ಜಿಮ್ನಿ ಒಳ್ಳೆಯದು. ಹಗುರವಾದಷ್ಟೂ ಜಾಡು ಆಳವಾಗುವುದಿಲ್ಲ, ಸಿಕ್ಕಿಬಿದ್ದರೆ ಎಳೆಯುವುದೂ ಸುಲಭ. ಬೆಂಗಳೂರು–ಕೋಲಾರದ ಕಲ್ಲಿಗೆ 226 ಮಿ.ಮೀ. ನೆಲದಂತರದ (ನೆಲಕ್ಕೂ ವಾಹನದ ಅಡಿಭಾಗಕ್ಕೂ ನಡುವಿನ ಎತ್ತರ) ಥಾರ್ ಹೊಂದುತ್ತದೆ. ಮುಂದೆ ಹಿಂದೆ ಎರಡೂ ಕಡೆ ಡಿಫರೆನ್ಷಿಯಲ್ ಲಾಕ್ ಇರುವ ಗೂರ್ಖಾ, ನಿಲ್ಲಿಸಲು ಅಂಗಳವಿರುವ ಊರಿನ ವಾಹನ.

ಮನೆ ಕೊಳ್ಳುವ ಮೊದಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬಾಡಿಗೆಗಿದ್ದು ನೋಡಿ. ಬಾಡಿಗೆ ಕರಾರು ಮಾಡಿಕೊಳ್ಳುವಾಗಲೇ ಜೀಪನ್ನು ಅಂಗಳದಲ್ಲಿ ಬೋರ್‌ವೆಲ್ ನೀರಿನಲ್ಲಿ ತೊಳೆಯಲು ಮನೆಯ ಮಾಲೀಕರ ಒಪ್ಪಿಗೆ ಕೇಳಿ, ಕೆಸರು ನೀರು ಹರಿದುಹೋಗುವ ಮೋರಿ ಯಾರ ಮನೆಯ ಮುಂದೆ ಹಾದುಹೋಗುತ್ತದೆ ಎಂಬುದನ್ನೂ ನೋಡಿಕೊಳ್ಳಿ.